ಗೋಡೆ ಅವರು ಕಟ್ಟಿಕೊಡಲಿ, ಶಾಲೆಯ ಹೊಣೆ ನೀವು ಬಿಡಬೇಡಿ: ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ಜನಪ್ರತಿನಿಧಿಗಳಿಗೆ, ಸರ್ಕಾರಿ ಶಾಲೆಗಳ ಕೆಲಸ ನೋಡುವ ಅಧಿಕಾರಿಗಳಿಗೆ, ಮತ್ತು ನಮ್ಮ ಶಾಲೆಯಲ್ಲಿ ಓದಿ ಈಗ ಬೆಂಗಳೂರು, ದುಬೈ, ಅಮೆರಿಕ ಅಂತ ಬೇರೆ ಬೇರೆ ಕಡೆ ಇರುವ ಎಲ್ಲರಿಗೂ,

ನಮಸ್ಕಾರ.

ನಾನು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಓದುತ್ತಿದ್ದಾರೆ. ಶಾಲೆಯ ಹೆಸರು ಬೇಕಂತಲೇ ಬರೆದಿಲ್ಲ. ಹೆಸರು ಹಾಕಿದರೆ ಇದು ಒಂದು ಊರಿನ ಅಹವಾಲು ಅಂತ ಆಗಿಬಿಡುತ್ತದೆ. ಇದೇ ಸ್ಥಿತಿಯ ಶಾಲೆಗಳು ಆಲೂರು, ಬೇಲೂರು ಕಡೆಗೂ ಇವೆ, ಆಚೆ ಮೂಡಿಗೆರೆ, ಕಳಸದಲ್ಲೂ ಇವೆ.

ವಿಷಯ ಇಷ್ಟು. ಕಳೆದ ಮಳೆಗಾಲದಲ್ಲಿ ಶಾಲೆಯ ಹಿಂದಿನ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಜಾರಿ ಎರಡು ಕೊಠಡಿಗಳ ಗೋಡೆ ಬಿತ್ತು. ಅವತ್ತು ಮಳೆಗೆ ರಜೆ ಕೊಟ್ಟಿದ್ದರು, ಹಾಗಾಗಿ ಮಕ್ಕಳು ಯಾರೂ ಒಳಗಿರಲಿಲ್ಲ. ಉಳಿದ ಎರಡು ಕೊಠಡಿಗಳಲ್ಲೂ ಕೂರಿಸಬಾರದು ಅಂತ ಎಂಜಿನಿಯರು ನೋಡಿ ಹೇಳಿ ಹೋದರು. ಈಗ ಹೊರದೇಶದ ಒಂದು ಸೇವಾಸಂಸ್ಥೆ, ಬೆಂಗಳೂರಿನ ಒಂದು ಟ್ರಸ್ಟ್ ಮೂಲಕ, ನಾಲ್ಕು ಕೊಠಡಿ ಹೊಸದಾಗಿ ಕಟ್ಟಿಕೊಡುತ್ತೇವೆ ಅಂತ ಮುಂದೆ ಬಂದಿದೆ. ನಮ್ಮ ಮುಖ ನೋಡದ ಜನ, ನಮ್ಮ ಭಾಷೆ ಬಾರದ ಜನ, ತಮ್ಮ ಸಂಬಳದಲ್ಲಿ ಒಂದಿಷ್ಟು ತೆಗೆದಿಟ್ಟು ನಮ್ಮ ಮಕ್ಕಳಿಗೆ ಕಳಿಸುತ್ತಿದ್ದಾರೆ. ಅವರಿಗೆ ನಾವು ಋಣಿ. ಈ ಮಾತು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಯಾರೂ ಈ ನೆರವಿನ ವಿರೋಧ ಅಂತ ತಿಳಿಯಬಾರದು.

ನನ್ನ ಆತಂಕ ಬೇರೆ. "ಫಾರಿನ್‌ನವರು ಕಟ್ಟಿಕೊಡ್ತಾರಲ್ಲ, ಇನ್ನೇನು" ಅನ್ನುವ ಮಾತು ಈಗಾಗಲೇ ಎಲ್ಲ ಕಡೆ ಕೇಳಿಸುತ್ತಿದೆ. ಊರಲ್ಲೂ ಅದೇ, ಕಚೇರಿಗಳಲ್ಲೂ ಅದೇ. ದುರಸ್ತಿಗೆ ಅಂತ ಕೇಳಿದ್ದ ಅರ್ಜಿ ಪಕ್ಕಕ್ಕೆ ಹೋಯಿತು. ಶೌಚಾಲಯದ ಮಾತು ಎತ್ತಿದರೆ ಅದನ್ನೂ ಅವರಿಗೇ ಕೇಳಿ ಅಂದರು. ಖಾಲಿ ಇರುವ ಟೀಚರ್ ಹುದ್ದೆ ಬಗ್ಗೆ ಕೇಳಿದರೆ "ಮೊದಲು ಕಟ್ಟಡ ಆಗಲಿ" ಅಂದರು. ನಾಲ್ಕು ಗೋಡೆಗೆ ಹಣ ಕೊಡಲು ಬಂದವರ ತಲೆ ಮೇಲೆ ಇಡೀ ಶಾಲೆಯನ್ನೇ ಹೊರಿಸಿ ನಾವು ಕೈ ತೊಳೆದುಕೊಂಡರೆ, ಅವರು ಹೋದ ಮೇಲೆ ಉಳಿಯುವುದು ಏನು? ಅಡಿಪಾಯ ತೋಡುವ ಮೊದಲೇ ಯಾರ ಹೊಣೆ ಯಾವುದು ಅಂತ ಬರವಣಿಗೆಯಲ್ಲಿ ಇರಬೇಕು. ನನ್ನ ಬೇಡಿಕೆ ಇದೊಂದೇ. ಉಳಿದದ್ದೆಲ್ಲ ಯಾಕೆ ಹಾಗೆ ಕೇಳುತ್ತಿದ್ದೇನೆ ಅನ್ನುವುದರ ವಿವರ.

ಹಳೆ ಕಟ್ಟಡ ನೋಡದವರಿಗೆ ಸ್ವಲ್ಪ ಹೇಳಬೇಕು. ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಊರವರೇ ಕಲ್ಲು ಹೊತ್ತು, ತೋಟದವರು ಮರ ಕೊಟ್ಟು ಕಟ್ಟಿದ ಶಾಲೆ. ಒಂದು ಕಾಲಕ್ಕೆ ಚೆನ್ನಾಗಿಯೇ ಇತ್ತು. ಆಮೇಲೆ ಮಂಗಗಳ ಕಾಟ ಶುರುವಾಯಿತು. ಹಿಂಡು ಬಂದು ಮಾಡಿನ ಮೇಲೆ ಓಡಿದರೆ ಹೆಂಚು ಸರಿಯುತ್ತದೆ, ಒಂದೊಂದು ಒಡೆಯುತ್ತದೆ. ಒಡೆದ ಜಾಗದಿಂದ ನೀರು ನೇರ ಕೆಳಗೆ ಬೀಳುವುದಿಲ್ಲ, ಹೆಂಚಿನ ಕೆಳಗಿನ ಪಕಾಸಿ ಮರ ಹಿಡಿದು ಇಳಿದು ಗೋಡೆಯ ತಲೆಗೆ ಸೇರುತ್ತದೆ. ಮೇಲಿಂದ ನೀರು ಕುಡಿದ ಮಣ್ಣಿನ ಗೋಡೆ ಹೊರಗಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ, ಸುಣ್ಣ ಹೊಡೆದಿದ್ದರಂತೂ ಗೊತ್ತೇ ಆಗುವುದಿಲ್ಲ. ಒಳಗೆ ಗೆದ್ದಲು ರೀಪನ್ನು ತಿಂದು ಮುಗಿಸಿರುತ್ತದೆ. ಜುಲೈ ಬಂತೆಂದರೆ ಟೀಚರ್ ಬೆಳಿಗ್ಗೆ ಮೊದಲು ಮಾಡುತ್ತಿದ್ದ ಕೆಲಸ ಹಾಜರಿ ಅಲ್ಲ, ಎಲ್ಲೆಲ್ಲಿ ಸೋರುತ್ತಿದೆ ಅಂತ ನೋಡಿ ಬೆಂಚು ಜರುಗಿಸುವುದು. ಕಾರ್ಡು ಹಿಡಿದು ಆಡುತ್ತಾ ಕಲಿಯುವ ನಲಿಕಲಿಯ ಚಿಕ್ಕ ಮಕ್ಕಳು ನೆಲದಲ್ಲಿ ಕೂರುವವರು, ಅವರಿಗೆ ಒಣಗಿದ ಮೂಲೆ ಬಿಟ್ಟುಕೊಟ್ಟು ಏಳನೇ ಕ್ಲಾಸಿನವರು ಗೋಡೆಗೆ ಒರಗಿ ನಿಂತು ಪಾಠ ಕೇಳುತ್ತಿದ್ದರು. ಆ ಗೋಡೆಯೇ ಬಿದ್ದದ್ದು.

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ್ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು 7 ಮಕ್ಕಳು ತೀರಿಕೊಂಡರು. ನಮ್ಮಲ್ಲಿ ಗೋಡೆ ಬಿದ್ದ ದಿನ ರಜೆ ಇತ್ತು, ಅಲ್ಲಿ ಇರಲಿಲ್ಲ. ವ್ಯತ್ಯಾಸ ಇಷ್ಟೇ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಹೊರದೇಶದ ನೆರವು ನಮ್ಮ ಶಾಲೆಗಳಿಗೆ ಹೊಸದಲ್ಲ. ಊರಿನಲ್ಲಿ ಅರವತ್ತು ದಾಟಿದವರನ್ನು ಕೇಳಿ ನೋಡಿ. ಕೇರ್ ಅನ್ನುವ ಹೊರದೇಶದ ಸೇವಾಸಂಸ್ಥೆಯಿಂದ ಬರುತ್ತಿದ್ದ ಉಪ್ಪಿಟ್ಟು, ಹಾಲಿನ ಪುಡಿ ಬಗ್ಗೆ ಹೇಳುತ್ತಾರೆ. ಅಮೆರಿಕದಿಂದ ಬಂದ ಗೋಧಿ ರವೆ, ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಮಧ್ಯಾಹ್ನ ಹಂಚುತ್ತಿದ್ದರು. ಎಷ್ಟೋ ಮಕ್ಕಳು ಅದಕ್ಕಾಗಿಯೇ ಶಾಲೆಗೆ ಬಂದರು. ಆ ನೆರವು ನಿಂತಾಗ ಉಪ್ಪಿಟ್ಟೂ ನಿಂತಿತು. ಆಮೇಲೆ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂತ ಆದೇಶ ಮಾಡಿತು, ನಮ್ಮಲ್ಲಿ ಅಕ್ಷರ ದಾಸೋಹ ಬಂತು. ಅವತ್ತಿಂದ ಎಷ್ಟು ಸರ್ಕಾರ ಬಂದು ಹೋದವು, ಆ ಊಟವನ್ನು ಯಾರೂ ನಿಲ್ಲಿಸಲಿಲ್ಲ. ಕೇರ್‌ನವರು ಕೊಟ್ಟದ್ದು ಕಡಿಮೆ ಅಂತ ನಾನು ಹೇಳುತ್ತಿಲ್ಲ. ಅದು ಅವರ ದಾನವಾಗಿತ್ತು, ಇದು ಮಕ್ಕಳ ಹಕ್ಕಾಯಿತು.

ಇನ್ನೊಂದು ನಮ್ಮ ಕಣ್ಣ ಮುಂದೆಯೇ ಇದೆ. ಒಂದರಿಂದ ಮೂರನೇ ಕ್ಲಾಸಿಗೆ ನಡೆಯುವ ನಲಿಕಲಿ ಶುರುವಾದದ್ದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದ ನಮ್ಮ ಸರ್ಕಾರಿ ಮೇಷ್ಟರುಗಳು, ಮೇಡಂಗಳೇ ಕೂತು ನಮ್ಮ ಮಕ್ಕಳಿಗೆ ತಕ್ಕ ಹಾಗೆ ಕಲಿಕಾ ಕಾರ್ಡು ಮಾಡಿದರು. ಹೊರಗಿಂದ ಹಣ ಬಂತು, ಕೆಲಸ ನಮ್ಮವರು ಮಾಡಿದರು, ಆಮೇಲೆ ಇಲಾಖೆ ಅದನ್ನು ತನ್ನದಾಗಿ ಮಾಡಿಕೊಂಡು ರಾಜ್ಯಕ್ಕೆಲ್ಲ ಹರಡಿತು. ಹಾಗಾಗಿಯೇ ಅದು ಇವತ್ತಿಗೂ ನಡೆಯುತ್ತಿದೆ. ನಮ್ಮ ನಾಲ್ಕು ಕೊಠಡಿಗೂ ಇದೇ ದಾರಿ ಆಗಬೇಕು ಅನ್ನುವುದು ನನ್ನ ಆಸೆ.

ಈಗ ಹಣದ ವಿಷಯ. ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಷ್ಟು ದುಡ್ಡು ಕೊಡುವವರು ನೇರವಾಗಿ ಎಸ್‌ಡಿಎಂಸಿ ಖಾತೆಗೆ ಯಾಕೆ ಹಾಕಬಾರದು? ಹಾಕಲು ಆಗುವುದಿಲ್ಲ. ಹೊರದೇಶದಿಂದ ದೇಣಿಗೆ ತೆಗೆದುಕೊಳ್ಳಬೇಕಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಪ್ರಕಾರ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. ಎಫ್‌ಸಿಆರ್‌ಎ ಅಂತ ಎಲ್ಲರೂ ಕರೆಯುವುದು ಇದನ್ನೇ. ನಮ್ಮ ಎಸ್‌ಡಿಎಂಸಿಗೆ ಅದು ಇಲ್ಲ. ನೋಂದಣಿ ಇರುವ ಸಂಸ್ಥೆಗೂ ಹಣ ಮೊದಲು ಬಂದು ಬೀಳುವುದು ನವದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿ ಆದ ಮೇಲೆ ಇನ್ನೂ ಎರಡು ಬದಲಾವಣೆ ಆಗಿವೆ. ಆಡಳಿತ ಖರ್ಚಿಗೆ ಮೊದಲು 50 ಪರ್ಸೆಂಟ್ ತನಕ ಬಳಸಬಹುದಿತ್ತು, ಈಗ 20 ಮಾತ್ರ. ಮತ್ತು ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ.

ಈ ಕೊನೆಯ ಮಾತು ನಮಗೆ ಬಹಳ ಮುಖ್ಯ. ಟ್ರಸ್ಟ್‌ನವರು ಮನಸ್ಸು ಮಾಡಿದರೂ ಹಣವನ್ನು ನಮ್ಮ ಕೈಗೆ ಕೊಡುವಂತಿಲ್ಲ. ಕಂಟ್ರಾಕ್ಟರ್‌ನನ್ನು ಹಿಡಿಯುವುದು ಅವರು, ಬಿಲ್ಲು ಕಟ್ಟುವುದು ಅವರು. ನಮಗೆ ಸಿಗುವುದು ಕಟ್ಟಿ ಮುಗಿದ ಕೊಠಡಿ. ಅದರಲ್ಲಿ ತಪ್ಪೇನೂ ಇಲ್ಲ, ಹಣ ನಮ್ಮ ಕೈಯಲ್ಲೇ ಇರಬೇಕು ಅಂತ ನನಗೇನೂ ಹಟ ಇಲ್ಲ. ಆದರೆ ಹಣ ಕೈಯಲ್ಲಿಲ್ಲದವರ ಮಾತನ್ನು ಯಾರೂ ಕೇಳುವುದಿಲ್ಲ ಅನ್ನುವುದೂ ಅಷ್ಟೇ ನಿಜ, ಅಲ್ವಾ? ಹಾಗಾಗಿ ನಮ್ಮ ಮಾತು ಕಾಗದದಲ್ಲಿ ಇರಬೇಕು. ಟ್ರಸ್ಟ್, ಇಲಾಖೆ, ಎಸ್‌ಡಿಎಂಸಿ ಮೂವರೂ ಸಹಿ ಹಾಕಿದ ಒಪ್ಪಂದ ಆಗಬೇಕು. ನಕ್ಷೆ ಯಾರು ಒಪ್ಪಬೇಕು, ಕೆಲಸ ನಡೆಯುವಾಗ ಯಾರು ನೋಡಬೇಕು, ಐದು ವರ್ಷ ಆದ ಮೇಲೆ ಸೋರಿದರೆ ಯಾರು ಕೂಗಿಗೆ ಬರಬೇಕು, ಎಲ್ಲವೂ ಅದರಲ್ಲಿ ಇರಲಿ. ಇಲ್ಲದಿದ್ದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ ಆಗುತ್ತದೆ.

ಇನ್ನೊಂದು ಗುಸುಗುಸು ಮಾತಿಗೂ ಇಲ್ಲೇ ಉತ್ತರ ಕೊಡುತ್ತೇನೆ. ವಿದೇಶಿ ಹಣ ಅಂದ ಕೂಡಲೇ ಅದರ ಹಿಂದೆ ಬೇರೆ ಉದ್ದೇಶ ಇದೆ ಅಂತ ಕೆಲವರು ವಾಟ್ಸಾಪಿನಲ್ಲಿ ಹಾಕುತ್ತಿದ್ದಾರೆ. ಅನುಮಾನ ಇರುವವರು ಬಂದು ಕೇಳಲಿ. ಈ ಹಣ ಪಡೆದ ಸಂಸ್ಥೆ ಪ್ರತಿ ವರ್ಷ ಆಡಿಟ್ ಆದ ಲೆಕ್ಕವನ್ನು ಗೃಹ ಸಚಿವಾಲಯಕ್ಕೆ ಕೊಡಲೇಬೇಕು. ಟ್ರಸ್ಟ್‌ನವರ ಹಿಂದಿನ ಲೆಕ್ಕ ತೋರಿಸಿ ಅಂತ ನಾನೇ ಕೇಳಿ ನೋಡಿದ್ದೇನೆ, ಪ್ರಿಂಟ್ ತೆಗೆಸಿ ಶಾಲೆಯಲ್ಲಿ ಇಟ್ಟಿದ್ದೇನೆ, ಯಾರು ಬೇಕಾದರೂ ಓದಬಹುದು. ನಮ್ಮದು ಸರ್ಕಾರಿ ಶಾಲೆಯಾಗಿಯೇ ಉಳಿಯುತ್ತದೆ, ಪಾಠ ಸರ್ಕಾರದ್ದೇ, ಮೇಷ್ಟರೂ ಸರ್ಕಾರದವರೇ. ಇಷ್ಟಾದರೂ ಬೇಡ ಅನ್ನುವವರು ಆ ನಾಲ್ಕು ಕೊಠಡಿಗೆ ಬೇರೆ ದಾರಿ ತೋರಿಸಬೇಕು. ಸುಮ್ನೆ ಗಾಳಿಮಾತು ಹಬ್ಬಿಸಿ ಮಕ್ಕಳ ತಲೆ ಮೇಲಿನ ಸೂರು ತಪ್ಪಿಸಬೇಡಿ.

ಊರು ಬಿಟ್ಟು ಹೋದ ನಮ್ಮ ಹಳೆ ವಿದ್ಯಾರ್ಥಿಗಳೇ, ನಿಮಗೊಂದು ವಿಷಯ ತಿಳಿದಿರಲಿ. ನೀವು ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡಿದ್ದರೆ, ನಿಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡು ಇದ್ದರೂ, ಅದು ವಿದೇಶಿ ದೇಣಿಗೆಯೇ. ನಿಮ್ಮಲ್ಲಿ ಜಾಸ್ತಿ ಜನ ಮೊದಲನೇ ಗುಂಪಿನವರು ಅಂತ ನನಗೆ ಗೊತ್ತು. ಕಟ್ಟಡದ ಹಣ ಹೊರಗಿಂದ ಬರಲಿ, ಅದನ್ನು ಉಳಿಸಿಕೊಳ್ಳುವ ಹಣ ನಿಮ್ಮಿಂದ ಬರಲಿ ಅಂತ ಕೇಳುತ್ತಿದ್ದೇನೆ. ವರ್ಷಕ್ಕೊಮ್ಮೆ ಮಾಡಿನ ಮೇಲೆ ಹತ್ತಿ ಎಲೆ ಗುಡಿಸಿ, ಹರಿನಾಳೆ ಬಿಡಿಸಿ, ಒಡೆದ ಹೆಂಚು ಬದಲಿಸಿ, ಬಣ್ಣ ಹೊಡೆಯುವ ಖರ್ಚು ಅದು. ದೊಡ್ಡ ಮೊತ್ತ ಅಲ್ಲ. ಆದರೆ ಯಾವ ಸಂಸ್ಥೆಯೂ ಇದಕ್ಕೆ ಹಣ ಕೊಡುವುದಿಲ್ಲ, ಯಾಕೆಂದರೆ ಇದಕ್ಕೆ ಉದ್ಘಾಟನೆ ಇಲ್ಲ.

ಈಗ ಮಾಡಿನ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಮಗೆ ತೋರಿಸಿದ ನಕ್ಷೆಯಲ್ಲಿ ಇರುವುದು ಚಪ್ಪಟೆ ಆರ್‌ಸಿಸಿ ತಾರಸಿ. ಸುತ್ತ ಪ್ಯಾರಾಪೆಟ್, ಮೂಲೆಯಲ್ಲಿ ನೀರು ಹೋಗಲು ಪೈಪು, ಮುಂದೆ ಚಿಕ್ಕದೊಂದು ವರಾಂಡ. ಬೇರೆ ಕಡೆ ಕಟ್ಟಿ ಚೆನ್ನಾಗಿ ಬಂದಿದೆಯಂತೆ, ಇರಬಹುದು. ಹಾಸನ ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ಅರಸೀಕೆರೆಯಲ್ಲಿ ಮಳೆಗೆ ಕಾಯುತ್ತಾರೆ, ಹೆತ್ತೂರು, ಹಾನುಬಾಳು ಕಡೆ ನಾವು ಮಳೆ ನಿಲ್ಲಲಿ ಅಂತ ಕಾಯುತ್ತೇವೆ. ಅಲ್ಲಿಗೆ ಸರಿಹೋಗುವ ತಾರಸಿ ಇಲ್ಲಿಗೆ ಸರಿಹೋಗುವುದಿಲ್ಲ. ಶಾಲೆಯ ಸುತ್ತ ಸಿಲ್ವರ್ ಓಕ್ ಮರಗಳಿವೆ. ಅದರ ಎಲೆ ಉದುರಿ ತಾರಸಿಯಲ್ಲಿ ಕೂತರೆ ಮೊದಲನೇ ಮಳೆಗೇ ಪೈಪು ಕಟ್ಟಿಕೊಳ್ಳುತ್ತದೆ, ಪ್ಯಾರಾಪೆಟ್ಟಿನ ಒಳಗೆ ನೀರು ಕೆರೆ ಕಟ್ಟಿ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗಲು ಬಿಡುವೇ ಇರುವುದಿಲ್ಲ. ಎರಡನೇ ವರ್ಷಕ್ಕೆ ಪಾಚಿ, ಮೂರನೇ ವರ್ಷಕ್ಕೆ ತೊಟ್ಟಿಕ್ಕಲು ಶುರು. ಮಲೆನಾಡಿನಲ್ಲಿ ಯಾವ ಊರಿಗೆ ಬೇಕಾದರೂ ಹೋಗಿ ನೋಡಿ, ಆರ್‌ಸಿಸಿ ಮನೆ ಕಟ್ಟಿದವರು ನಾಲ್ಕೈದು ವರ್ಷಕ್ಕೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸಿದ್ದಾರೆ. ಸ್ವಂತ ದುಡ್ಡಲ್ಲಿ ಮನೆ ಕಟ್ಟಿದವರಿಗೆ ಆ ಶಕ್ತಿ ಇರುತ್ತದೆ. ಶಾಲೆಗೆ ಎರಡನೇ ಸಲ ಮಾಡು ಹಾಕಿಸುವವರು ಯಾರು?

ಹಾಗಾದರೆ ಬರೀ ಶೀಟು ಹಾಕಿ ಅಂತ ಒಬ್ಬರು ಸಲಹೆ ಕೊಟ್ಟರು. ಅದು ಇನ್ನೂ ಕಷ್ಟ. ತಗಡಿನ ಮೇಲೆ ನಮ್ಮ ಕಡೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ. ಟೀಚರ್ ಕಿರುಚಬೇಕು, ಇಲ್ಲ ಬೋರ್ಡಿನಲ್ಲಿ ಬರೆದು ಸುಮ್ಮನೆ ನಿಲ್ಲಬೇಕು. ನಾಲ್ಕು ತಿಂಗಳು ಪಾಠ ಕೇಳಿಸದ ಕ್ಲಾಸ್‌ರೂಮು ಕಟ್ಟಿ ಏನು ಪ್ರಯೋಜನ?

ನಾವು ಕೇಳುತ್ತಿರುವುದು ಇಳಿಜಾರು ಮಾಡು. ಇಳಿಜಾರಾಗಿ ಮೋಲ್ಡ್ (ಕಾಂಕ್ರೀಟ್ ಛಾವಣಿ) ಹಾಕಿ ಅದರ ಮೇಲೆ ಹೆಂಚು ಹೊದಿಸುವ ಪದ್ಧತಿ ನಮ್ಮ ಭಾಗದ ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತು. ನೀರು ನಿಲ್ಲುವುದಿಲ್ಲ, ಸದ್ದು ಕಡಿಮೆ, ಮಂಗ ಹೆಂಚು ಸರಿಸಿದರೂ ಕೆಳಗೆ ಕಾಂಕ್ರೀಟು ಇರುವುದರಿಂದ ಕೊಠಡಿ ಒಳಗೆ ಸೋರುವುದಿಲ್ಲ. ಖರ್ಚು ಸ್ವಲ್ಪ ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಹಾಗೆಂದು ನಾಲ್ಕು ಕೊಠಡಿ ಬದಲು ಮೂರೇ ಕಟ್ಟುವುದಾದರೂ ಸರಿ, ಸೋರದ ಮೂರು ಕೊಡಿ. ಜಗಲಿ ಅಗಲ ಮಾಡಿ. ಒದ್ದೆ ಕೊಡೆ, ಒದ್ದೆ ಬ್ಯಾಗು, ಒದ್ದೆ ಯೂನಿಫಾರ್ಮು, ಇವೆಲ್ಲ ಇಡಲು ಜಾಗ ಬೇಕು, ಆಟಕ್ಕೆ ಹೊರಗೆ ಹೋಗಲಾಗದ ದಿನಗಳಲ್ಲಿ ಮಕ್ಕಳು ಕಾಲಾಡಿಸಲು ಜಾಗ ಬೇಕು. ಎಲ್ಲಕ್ಕಿಂತ ಮೊದಲು ಹಿಂದಿನ ಧರೆಗೆ ಕಲ್ಲಿನ ತಡೆಗೋಡೆ ಆಗಬೇಕು, ಮೇಲಿಂದ ಬರುವ ನೀರು ಅಡಿಪಾಯಕ್ಕೆ ಹೋಗದೆ ಪಕ್ಕಕ್ಕೆ ಹರಿಯಲು ಚರಂಡಿ ಆಗಬೇಕು. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆ ಹತ್ತಿರ ಗುಡ್ಡ ಜಾರಿ ಹೆದ್ದಾರಿಯೇ ಬಂದ್ ಆಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಅದು ನಮ್ಮದೇ ತಾಲ್ಲೂಕು. ನಮ್ಮ ಗೋಡೆ ಬಿದ್ದದ್ದೂ ಧರೆಯಿಂದಲೇ. ಧರೆ ಹಾಗೇ ಬಿಟ್ಟು ಮುಂದೆ ಎಷ್ಟು ಚಂದದ ಕಟ್ಟಡ ಕಟ್ಟಿದರೂ ಅದು ಅದೇ ಮಣ್ಣಿನ ಬಾಯಿಗೆ. ಈ ತಡೆಗೋಡೆ ಟ್ರಸ್ಟ್‌ನವರ ಅಂದಾಜುಪಟ್ಟಿಯಲ್ಲಿ ಇಲ್ಲ. ಇದನ್ನು ಸರ್ಕಾರ ಮಾಡಿಸಬೇಕು. ಅಷ್ಟನ್ನಾದರೂ ಮಾಡಿಸಿ.

ಇದು ನನ್ನ ಸ್ವಂತ ಆಸೆ ಅಂತ ಯಾರೂ ತಿಳಿಯಬೇಡಿ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಶಾಲೆಯ ಕಟ್ಟಡ ಎಲ್ಲ ಹವಾಮಾನಕ್ಕೂ ತಡೆಯುವಂತೆ ಇರಬೇಕು ಅಂತ ಅದರ ಅನುಸೂಚಿಯಲ್ಲೇ ಬರೆದಿದ್ದಾರೆ. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಮನೆ, ಆಟದ ಮೈದಾನ, ಕಾಂಪೌಂಡು, ಅಂಗವಿಕಲ ಮಕ್ಕಳೂ ಸಲೀಸಾಗಿ ಬಂದುಹೋಗುವ ದಾರಿ, ಎಲ್ಲವೂ ಅಲ್ಲಿದೆ. ಕಾಡಾನೆ ಓಡಾಡುವ ನಮ್ಮಂಥ ಊರಲ್ಲಿ ಕಾಂಪೌಂಡು ಅಂದರೆ ಅಂದಕ್ಕೆ ಕಟ್ಟುವ ಗೋಡೆ ಅಲ್ಲ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು ಶಾಲಾ ಸಮಿತಿಯ ಕೆಲಸ, ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟು ಅರ್ಧ ಹೆಂಗಸರು ಇರಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಮಾಡು ಹೇಗಿರಬೇಕು ಅಂತ ನಾವು ಹೇಳಿದರೆ "ಅಮ್ಮ, ಅದು ಟೆಕ್ನಿಕಲ್ ವಿಷಯ" ಅಂತ ಬಾಯಿ ಮುಚ್ಚಿಸುವುದು ಬಿಡಿ.

ಕಾಲದ ಲೆಕ್ಕವೂ ಇದೆ. ನಮ್ಮಲ್ಲಿ ಕಟ್ಟಡದ ಕೆಲಸ ಆಗುವುದು ನವೆಂಬರ್ ಮಧ್ಯದಿಂದ ಮೇ ತನಕ ಮಾತ್ರ. ಅದರಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕುಯ್ಲು. ಮೊದಲು ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಆ ದಿನಗಳಲ್ಲಿ ಕೂಲಿಗೆ ಆಳು ಸಿಗುವುದೇ ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ. ಹಣಕಾಸಿನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಖರ್ಚು ತೋರಿಸಬೇಕು ಅಂತ ಎಲ್ಲ ಕಡೆ ಒತ್ತಡ. ಕೊನೆಗೆ ಆಗುವುದು ಏನೆಂದರೆ, ಫೈಲು ಜನವರಿ ತನಕ ಓಡಾಡಿ, ಫೆಬ್ರವರಿಯಲ್ಲಿ ಗುದ್ದಲಿ ಪೂಜೆ ಆಗಿ, ಅವಸರದಲ್ಲಿ ಮೋಲ್ಡ್ ಹಾಕಿ, ಸರಿಯಾಗಿ ನೀರು ಕಟ್ಟದೆ ಸೆಂಟ್ರಿಂಗ್ ಬಿಚ್ಚಿ, ಜೂನ್ ಒಂದಕ್ಕೆ ಟೇಪು ಕತ್ತರಿಸುವುದು. ಇಂಥ ಕಟ್ಟಡಗಳನ್ನು ನಾವೆಲ್ಲ ನೋಡಿದ್ದೇವೆ. ಕಾಗದ ಪತ್ರ ಈ ಮಳೆಗಾಲದೊಳಗೆ ಮುಗಿದರೆ ನವೆಂಬರ್‌ನಲ್ಲಿ ಅಡಿಪಾಯ ಶುರು ಮಾಡಬಹುದು, ಕುಯ್ಲು ಜೋರಾಗುವ ಮೊದಲು ಗೋಡೆ ಎಬ್ಬಿಸಬಹುದು.

ಕಾಗದ ಪತ್ರ ಅಂದೆನಲ್ಲ, ದೊಡ್ಡ ತೊಡಕು ಇರುವುದೇ ಅಲ್ಲಿ. ಶಾಲೆಯ ಜಾಗವನ್ನು ಆ ಕಾಲದಲ್ಲಿ ಊರಿನ ಒಬ್ಬ ಹಿರಿಯರು ಬಾಯಿಮಾತಲ್ಲಿ ದಾನ ಕೊಟ್ಟರು. ಪಹಣಿ ಇವತ್ತಿಗೂ ಅವರ ಕುಟುಂಬದ ಹೆಸರಲ್ಲೇ ಇದೆ. ಶಾಲೆಯ ಹೆಸರಿನಲ್ಲಿ ಇಲ್ಲದ ಜಾಗದಲ್ಲಿ ಕಟ್ಟಡ ಕಟ್ಟಲು ಹೊರದೇಶದವರು ಹಣ ಬಿಡುವುದಿಲ್ಲ, ಅವರ ಕಡೆಯಿಂದ ನೋಡಿದರೆ ಅದು ಸರಿಯೇ. ದಾನ ಕೊಟ್ಟವರ ಮೊಮ್ಮಕ್ಕಳು ದೊಡ್ಡ ಮನಸ್ಸಿನವರು. ಅಜ್ಜ ಕೊಟ್ಟದ್ದು ಶಾಲೆಗೇ, ಯಾವತ್ತು ಕರೆದರೂ ಬಂದು ಸಹಿ ಹಾಕುತ್ತೇವೆ ಅಂತ ಹೇಳಿದ್ದಾರೆ. ಸರ್ವೆ ಆಗಬೇಕು, ಪೋಡಿ (ಜಾಗವನ್ನು ದಾಖಲೆಯಲ್ಲಿ ಬೇರೆ ಮಾಡುವುದು) ಆಗಬೇಕು, ದಾನಪತ್ರ ನೋಂದಣಿ ಆಗಬೇಕು. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ನಮ್ಮನ್ನು ಕಳಿಸುತ್ತಲೇ ಇದ್ದಾರೆ. ಹಳೆ ಕಟ್ಟಡ ಕೆಡವಲು ಬೇಕಾದ ಪತ್ರದ ಕಥೆಯೂ ಅದೇ. ಬಿದ್ದ ಗೋಡೆಯ ಪಕ್ಕದಲ್ಲಿ ಬೀಳಲಿರುವ ಗೋಡೆ ಹಾಗೇ ನಿಂತಿದೆ, ಮಕ್ಕಳು ಆಟದ ಹೊತ್ತಲ್ಲಿ ಅದರ ಹತ್ತಿರ ಹೋಗದಂತೆ ನಾವು ಹಗ್ಗ ಕಟ್ಟಿದ್ದೇವೆ. ಆರನೇ ಏಳನೇ ಕ್ಲಾಸಿನವರಿಗೆ ಪಾಠ ನಡೆಯುತ್ತಿರುವುದು ದೇವಸ್ಥಾನದ ಪಕ್ಕದ ಸಮುದಾಯ ಭವನದಲ್ಲಿ. ಊರಲ್ಲಿ ಮದುವೆ ಇದ್ದರೆ ಅವತ್ತು ಅವರಿಗೆ ಜಾಗ ಇಲ್ಲ. ಜಿಲ್ಲಾ ಮಟ್ಟದ ಅಧಿಕಾರಿಗಳು ಸಂಬಂಧಪಟ್ಟವರನ್ನೆಲ್ಲ ಒಂದು ದಿನ ಒಂದು ಟೇಬಲ್ಲಿಗೆ ಕೂರಿಸಿದರೆ ಇದು ಅವತ್ತೇ ಬಗೆಹರಿಯುವ ವಿಷಯ.

ಶಾಲೆ ಮುಚ್ಚುವ, ವಿಲೀನ ಮಾಡುವ ಮಾತೂ ಆಗಾಗ ಕಿವಿಗೆ ಬೀಳುತ್ತದೆ. ಮಕ್ಕಳ ಸಂಖ್ಯೆ ಕಡಿಮೆ ಆಗಿದೆ, ಅದು ಸುಳ್ಳಲ್ಲ. ಕೈಯಲ್ಲಿ ಸ್ವಲ್ಪ ಕಾಸಿರುವವರು ಹಳದಿ ಬಸ್ಸಿಗೆ ಹತ್ತಿಸಿ ಸಕಲೇಶಪುರಕ್ಕೆ ಕಳಿಸುತ್ತಿದ್ದಾರೆ. ಸೋರುವ ಶಾಲೆಗೆ ಮಗು ಕಳಿಸು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ನಮ್ಮಲ್ಲಿ ಉಳಿದಿರುವವರು ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು, ಸಣ್ಣ ಹಿಡುವಳಿದಾರರ ಮಕ್ಕಳು, ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ಕನ್ನಡ ಒಂದಕ್ಷರ ಬಾರದೆ ಬಂದ ಹುಡುಗಿಯೊಬ್ಬಳು ಈಗ ನಲಿಕಲಿ ಕಾರ್ಡು ಹಿಡಿದು ನನ್ನ ಮಗನಿಗೇ ತಪ್ಪು ತಿದ್ದುತ್ತಾಳೆ. ಇವರಿಗೆ ಬೇರೆ ಬಸ್ಸು ಇಲ್ಲ, ಬೇರೆ ಶಾಲೆಯೂ ಇಲ್ಲ. ಹೊಸ ಕಟ್ಟಡ ಆದ ಎರಡು ವರ್ಷಕ್ಕೆ ಸಂಖ್ಯೆ ಸಾಲದು ಅಂತ ಬೀಗ ಹಾಕಿದರೆ ಆ ಹಣ ಕೊಟ್ಟವರಿಗೆ ನಾವು ಏನಂತ ಮುಖ ತೋರಿಸುವುದು? ಇಂತಿಷ್ಟು ವರ್ಷ ಈ ಶಾಲೆ ಇಲ್ಲೇ ನಡೆಯುತ್ತದೆ, ಕೊಠಡಿಗೆ ತಕ್ಕಷ್ಟು ಶಿಕ್ಷಕರನ್ನು ಕೊಡುತ್ತೇವೆ ಅಂತ ಒಪ್ಪಂದದಲ್ಲೇ ಬರೆಯಿರಿ. ರಾಜ್ಯ ಸರ್ಕಾರ 2022ರಲ್ಲಿ ವಿವೇಕ ಯೋಜನೆ ಅಂತ 7,601 ಕೊಠಡಿ ಕಟ್ಟಲು ಹೊರಟಿತ್ತು. ಸರ್ಕಾರಕ್ಕೆ ಕೊಠಡಿಯ ಬೆಲೆ ಗೊತ್ತಿಲ್ಲ ಅಂತಲ್ಲ. ನಮ್ಮ ಪಾಲಿನ ಕೊಠಡಿಗಳ ಖರ್ಚು ಈಗ ಉಳಿಯುತ್ತಿದೆ. ಆ ಉಳಿತಾಯದಲ್ಲಿ ತಡೆಗೋಡೆ, ಶೌಚಾಲಯ, ಕಾಂಪೌಂಡು ಮಾಡಿಸಿಕೊಡಿ ಅಂತ ಕೇಳುವುದು ಅತಿಯಾಸೆ ಏನಲ್ಲ.

ಹಣ ಕೊಡುವವರಿಗೂ ಒಂದು ಮಾತು ಇದೆ. ಟ್ರಸ್ಟ್‌ನವರು ಇದನ್ನು ಅವರ ಭಾಷೆಗೆ ಮಾಡಿ ತಲುಪಿಸಬೇಕು ಅಂತ ಕೋರುತ್ತೇನೆ. ಮೊನ್ನೆ ಫೋಟೋ ತೆಗೆಯಲು ಬಂದವರು ಚಪ್ಪಲಿ ಹಾಕಿಕೊಂಡಿದ್ದ ಮಕ್ಕಳಿಗೆ ಚಪ್ಪಲಿ ಬಿಚ್ಚಿ ನಿಲ್ಲಿ ಅಂದರು. ಬಿದ್ದ ಗೋಡೆಯ ಮುಂದೆ ನಗಬೇಡಿ ಅಂದರು. ಆ ಚಪ್ಪಲಿಗೆ ಅವರ ಅಮ್ಮಂದಿರು ತೋಟದಲ್ಲಿ ದುಡಿದಿದ್ದಾರೆ. ಮಕ್ಕಳು ಹೇಗಿದ್ದಾರೋ ಹಾಗೇ ತೆಗೆಯಿರಿ, ಅಪ್ಪ ಅಮ್ಮನ ಒಪ್ಪಿಗೆ ಕೇಳಿ ತೆಗೆಯಿರಿ. ಕಟ್ಟಡದ ಮೇಲೆ ನಿಮ್ಮ ಹೆಸರಿನ ಕಲ್ಲು ಖಂಡಿತ ಹಾಕೋಣ, ಪ್ರೀತಿಯಿಂದ ಹಾಕೋಣ. ಶಾಲೆಯ ಹೆಸರು ಮಾತ್ರ ಅದಕ್ಕಿಂತ ದೊಡ್ಡದಾಗಿ, ಕನ್ನಡದಲ್ಲಿ ಇರಲಿ.

ಊರಿನವರ ಪಾಲು ಏನು ಅಂತ ಕೇಳಬಹುದು. ಸಭೆಯಲ್ಲಿ ನಾವು ಮಾತಾಡಿಕೊಂಡಿದ್ದೇವೆ. ಹಳೆ ಕಟ್ಟಡದ ಕಲ್ಲು, ಒಳ್ಳೆಯ ಹೆಂಚು, ಗೆದ್ದಲು ಮುಟ್ಟದ ತೊಲೆ ಬೇರೆ ಮಾಡಿ ಇಡುವುದು ನಮ್ಮ ಕೆಲಸ. ಹೊರಗಿಂದ ಬರುವ ಗಾರೆ ಕೆಲಸದವರಿಗೆ ಉಳಿಯಲು ಜಾಗ ನಾವು ಕೊಡುತ್ತೇವೆ. ಮೋಲ್ಡ್‌ಗೆ ನೀರು ಕಟ್ಟುವುದನ್ನು ದಿನಕ್ಕೊಂದು ಮನೆಯವರಂತೆ ಸರದಿ ಮೇಲೆ ನೋಡಿಕೊಳ್ಳುತ್ತೇವೆ, ಅದರಲ್ಲಿ ಯಾರನ್ನೂ ನಂಬಿ ಬಿಡುವುದಿಲ್ಲ. ಸಿಮೆಂಟು, ಎಂ ಸ್ಯಾಂಡ್, ಕಬ್ಬಿಣ ಬಂದಾಗ ಎಣಿಸಿ ಪುಸ್ತಕದಲ್ಲಿ ಬರೆಯುವ ಕೆಲಸ ಸ್ತ್ರೀಶಕ್ತಿ ಸಂಘದವರು ಒಪ್ಪಿಕೊಂಡಿದ್ದಾರೆ. ಲೆಕ್ಕ ಬರೆಯುವುದು ಅವರಿಗೆ ಹೊಸದಲ್ಲ.

ನಾವು ಈ ಪತ್ರದ ಪ್ರತಿಯನ್ನು ಸಂಬಂಧಪಟ್ಟ ಎಲ್ಲ ಕಚೇರಿಗೂ ಸ್ವೀಕೃತಿ ಪಡೆದು ಕೊಡುತ್ತಿದ್ದೇವೆ. ಟ್ರಸ್ಟ್‌ನವರ ಎಂಜಿನಿಯರನ್ನೂ ಇಲಾಖೆಯ ಎಂಜಿನಿಯರನ್ನೂ ಮಳೆ ಜೋರಾಗಿರುವ ದಿನವೇ ಶಾಲೆಗೆ ಕರೆಯುತ್ತಿದ್ದೇವೆ, ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಅಂತ ಅವರೇ ನಿಂತು ನೋಡಲಿ. ಆಮೇಲೆ ನಕ್ಷೆ ಬದಲಿಸುವ ಸಭೆ. ಅದಕ್ಕೆ ಶಾಸಕರು, ಪಂಚಾಯಿತಿ ಸದಸ್ಯರು, ಅಧಿಕಾರಿಗಳು ಬರಬೇಕು, ಬರಲಾಗದವರು ಸಹಿ ಹಾಕುವ ಅಧಿಕಾರ ಇರುವ ಒಬ್ಬರನ್ನಾದರೂ ಕಳಿಸಬೇಕು. ಬೆಂಗಳೂರಲ್ಲಿರುವ ಹಳೆ ವಿದ್ಯಾರ್ಥಿಗಳಲ್ಲಿ ಸಿವಿಲ್ ಎಂಜಿನಿಯರುಗಳು, ವಕೀಲರು ಇದ್ದರೆ ಒಪ್ಪಂದದ ಕರಡು ಓದಿ ಕೊಡಿ. ಮುಖ್ಯ ಶಿಕ್ಷಕರ ಹತ್ತಿರ ಪ್ರತಿ ಇದೆ, ಶಾಲೆಯ ವಾಟ್ಸಾಪ್ ಗುಂಪಿಗೂ ಹಾಕಿದ್ದೇವೆ.

ಇಂತಿ,
ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸದಸ್ಯೆ